ನೀರಿನ ಸಾಥ್

ಭೂಮಿಗೆ ನೀರು ಹೊಯ್ಯೋ ಕೊಟ್ರಾ, ಅನ್ನುವರು ವಾಜಿದ್ ಸಾಬರು.
ಕಿಟಕಿಯ ಕೆಳಗೆ ಮೊಳದಗಲ ತಗ್ಗು,
ಇದ್ದಿಲು, ಕಲ್ಲುಪ್ಪು, ಅದರೊಳಗೆ ಹೂತಿಟ್ಟ ತಾಮ್ರದ ತಗಡು,
ಅಲ್ಲಿಂದ ಅರ್ಥಿನ ತಂತಿ ಗೋಡೆ ಹತ್ತಿ ರೇಡಿಯೋದ ಬೆನ್ನಿಗೆ.
ಮಣ್ಣು ಒಣಗಿದರೆ ಧಾರವಾಡ ಗೊರಗೊರ ಅನ್ನುವುದು,
ಒದ್ದೆಯಾದರೆ ಗಂಟಲು ಸರಿಮಾಡಿಕೊಳ್ಳುವುದು.
ಅದೇ ನನ್ನ ನೌಕರಿ. ವಾರಕ್ಕೆ ಎಂಟಾಣೆ,
ಮೇಲೆ ಬೊಗಸೆ ಮಂಡಕ್ಕಿ.

ದಾವಣಗೆರೆ, ಹಗೆದಿಬ್ಬದ ಓಣಿ. ಗೋಡೆಯಾಚೆ ಭಟ್ಟಿ.
ಅರವತ್ತೊಂದನೇ ಇಸವಿಯ ಮಾಗಿ, ಒಂದು ಶನಿವಾರ.
ರಾತ್ರಿ ಒಂಬತ್ತೂವರೆಗೆ ಹಡಗಲಿ ತುಂಗವ್ವ ಹಾಡುತ್ತಾಳೆಂದು
ಸಾಬರು ಬೆಳಗಿನಿಂದ ಯಾರ ರಿಪೇರಿಯನ್ನೂ ಮುಟ್ಟಲಿಲ್ಲ.
ಅತ್ತರಿನ ಹತ್ತಿ ಹಿಡಿದ ಹಾಗೆ ಸ್ಪಿರಿಟ್ಟಿನ ಹತ್ತಿ ಹಿಡಿದು
ಟೇಪ್ ರೆಕಾರ್ಡರಿನ ಹೆಡ್ ಒರೆಸಿದರು, ಮತ್ತೆ ಒರೆಸಿದರು.
ಇದ್ದದ್ದು ಒಂದೇ ಸ್ಪೂಲು.
ಆಕೆಯದು ಒಂದು ಪ್ಲೇಟೂ ಬಂದಿರಲಿಲ್ಲ.
ಹಾಡುವುದು ನೇರ ಗಾಳಿಗೆ,
ಗಾಳಿ ಯಾರಿಗೂ ರಸೀತಿ ಕೊಡುವುದಿಲ್ಲ.

ರೇಡಿಯೋದ ಹಸಿರು ಕಣ್ಣು ಕಿರಿದಾಯಿತು.
ನಿಲಯದವರು ಓದಿದರು: ತಬಲಾ ಸಾಥ್ ಇಂಥವರು,
ಹಾರ್ಮೋನಿಯಂ ಸಾಥ್ ಇಂಥವರು, ರಾಗ ಬಾಗೇಶ್ರೀ.
ನಾನು ಬಿಂದಿಗೆ ಹಿಡಿದು ಹೊರಗೆ, ಚಳಿಯಲ್ಲಿ,
ಸಾಬರ ತೋರುಬೆರಳನ್ನೇ ನೋಡುತ್ತ.

ಆಕೆ ಮಧ್ಯಮದ ಮೇಲೆ ಬಂದು ಕೂತಳು,
ಏಳಲೇ ಇಲ್ಲ.
ನೆಂಟರ ಮನೆಯಲ್ಲಿ ಹೊರಟೆ ಹೊರಟೆ ಅಂತ
ಮತ್ತೆ ಕೂತವರ ಹಾಗೆ.
ಅಷ್ಟರಲ್ಲಿ ಗುಂಯ್‌ ಶುರುವಾಯಿತು. ಬೆರಳು ಎದ್ದಿತು.
ಮೈಕಿಗೆ ಕೇಳಿಸದ ಹಾಗೆ ಗೋಡೆಗುಂಟ ನೀರು ಇಳಿಬಿಟ್ಟೆ.
ಮಣ್ಣು ಕುಡಿಯಿತು.
ಆಕೆಯ ದನಿ ಪಕ್ಕದ ಕೋಣೆಯಿಂದ ಈ ಕೋಣೆಗೆ ಬಂತು.

ಹತ್ತಕ್ಕೆ ಮಿಲ್ಲಿನ ರಾತ್ರಿ ಪಾಳಿ.
ಮಗ್ಗಗಳೆಲ್ಲ ಒಮ್ಮೆಗೇ ಎದ್ದವು,
ನಮ್ಮ ಬಲ್ಬು ಬೆಲ್ಲದ ಬಣ್ಣಕ್ಕಿಳಿಯಿತು,
ಸ್ಪೂಲು ನಿಧಾನವಾಯಿತು.
ಸಾಬರು ಯಂತ್ರದ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತರು,
ಜ್ವರದ ಕೂಸಿನ ಹಣೆ ಮುಟ್ಟಿದಂತೆ.

ಮುಂದೆ ಬಿಸ್ಕತ್ತಿನ ಡಬ್ಬಿ, ಭಟ್ಟಿಯ ಗೋಡೆಯ ಮಾಡು.
ಆ ಬಿಸಿಗೆ ಥಂಡಿ ಹತ್ತಲಿಲ್ಲ. ಸಾಬರು ಹೋದರು. ಮಿಲ್ಲೂ ಹೋಯಿತು.
ಯಾರೋ ಒಬ್ಬರು ನಕಲು ಮಾಡಿಕೊಂಡಿದ್ದರಂತೆ,
ನಕಲಿನ ನಕಲು ಊರೂರು ಸುತ್ತಿತಂತೆ.

ಮೊನ್ನೆ ಧಾರವಾಡದಿಂದ ಇರಾವತಿ ಅನ್ನುವ ಹುಡುಗಿ ಬಂದಳು,
ಅಸಲು ಹುಡುಕಿಕೊಂಡು.
ಹಗೆ ತೆಗೆದಾಗ ತಟ್ಟನೆ ಇಳಿಯಬಾರದು,
ಮೊದಲು ದೀಪ ಇಳಿಬಿಡಬೇಕು. ಹಾಗೇ
ತುದಿಯ ಒಂದು ಗೇಣು ಓಡಿಸಿ ನೋಡಿದೆವು. ಉಸಿರಿತ್ತು.

ಅಜ್ಜಾ, ನಡುವೆ ಆಕೆ ಶ್ರುತಿ ಏರಿಸುತ್ತಾಳೆ,
ತಿಳಿಯದ ಹಾಗೆ, ಕೂದಲೆಳೆಯಷ್ಟು ಕೂದಲೆಳೆಯಷ್ಟು.
ಅಪರೂಪದ ಪ್ರಯೋಗ ಅಂತ ನಮ್ಮ ಗುರುಗಳು ಪಾಠ ಮಾಡುತ್ತಾರೆ, ಅಂದಳು.
ನನಗೆ ಕೆಮ್ಮು ಬರುವಷ್ಟು ನಗೆ.
ಅದು ರಾತ್ರಿ ಪಾಳಿ ಮಗಾ.
ನಿಧಾನ ಹಿಡಿದದ್ದು ಬಿಟ್ಟಾಗ ಜೋರಾಗಿ ಓಡುತ್ತದೆ.
ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ.
ಗುರುಗಳಿಗೆ ಹೇಗೆ ಹೇಳುವುದೋ ಎಂದು ಯೋಚಿಸಿರಬೇಕು.

ಸಂಜೆಯ ಹೊತ್ತಿಗೆ ಅವಳ ಯಂತ್ರದಲ್ಲಿ
ಅರವತ್ತು ವರ್ಷ ತುದಿಗಾಲಲ್ಲಿ ನಿಂತಿದ್ದ ತುಂಗವ್ವ
ಹಿಮ್ಮಡಿ ಊರಿದಳು.

ಗುಂಯ್‌ ಕೂಡ ತೆಗೆಯುತ್ತೇನೆ, ಅಂದಳು.
ತೆಗಿ. ಆದರೆ ಹದಿನೆಂಟನೇ ನಿಮಿಷದಲ್ಲಿ
ಅದು ತಾನಾಗಿ ಇಳಿಯುತ್ತದಲ್ಲ, ಅಲ್ಲಿ ಕೈ ಹಾಕಬೇಡ.
ಯಾಕೆ ಅಜ್ಜಾ?

ಕಿಟಕಿಯ ಕೆಳಗೆ ಈಗ ಸಿಮೆಂಟು,
ಯಾರದೋ ಸ್ಕೂಟರು ನಿಂತಿದೆ.
ತಬಲಾ, ಹಾರ್ಮೋನಿಯಂ ಬರೆದಾದ ಮೇಲೆ
ಚೀಟಿಯಲ್ಲಿ ಜಾಗ ಉಳಿದರೆ
ಬಿಂದಿಗೆ ಅಂತ ಬರಿ, ಅಂದೆ.
ಯಾವ ವಾದ್ಯ ಅದು, ಅಂದಳು, ಬರೆಯುತ್ತಲೇ.